ಅವಕಲ ಸಮೀಕರಣಕ್ಕೆ ಬಹುಪದ ಶ್ರೇಣಿ: ಟೇಲರ್, ಫ್ರೊಬೇನಿಯಸ್, ಪಾಡೆ, ಚೆಬಿಷೆವ್ ಇವುಗಳಲ್ಲಿ ಯಾವುದು ಎಲ್ಲಿಗೆ?

ಯ′ + ಯ = 0, ಯ(0) = 1. ಇಲ್ಲಿ ಯ ಎಂಬುದು ಕ್ಷದ ಫಲನ, ಯ′ ಅದರ ನಿಷ್ಪನ್ನ. ಇದರ ಪರಿಹಾರ, ಅಂದರೆ ಇಳಿಯುವ ಘಾತೀಯ ಫಲನ, ಎಲ್ಲರಿಗೂ ಗೊತ್ತು. ಆದರೂ ಅದನ್ನು 0ಯಿಂದ 1ರವರೆಗೆ ಬರೀ ಮೂರು ಸಹಗುಣಕಗಳಿರುವ ವರ್ಗ ಬಹುಪದದಿಂದ ಹಿಡಿಯಬೇಕು ಎಂದುಕೊಳ್ಳಿ. ಟೇಲರ್ ಶ್ರೇಣಿಯನ್ನು ಮೂರು ಪದಕ್ಕೆ ನಿಲ್ಲಿಸಿದರೆ 1 − ಕ್ಷ + 0.5ಕ್ಷ² ಸಿಗುತ್ತದೆ. ಕ್ಷ = 1ರಲ್ಲಿ ಇದರ ಬೆಲೆ 0.5, ನಿಜವಾದ ಬೆಲೆ 0.3679, ದೋಷ 0.132. ಚೆಬಿಷೆವ್ ಬಹುಪದಗಳನ್ನು (ವ್ಯಾಪ್ತಿಯ ಉದ್ದಕ್ಕೂ ಒಂದೇ ಎತ್ತರಕ್ಕೆ ಏರಿಳಿಯುವ ಬಹುಪದಗಳನ್ನು) ಬಳಸುವ ಟೌ ವಿಧಾನದಿಂದ (ವಿವರ ಮುಂದಿದೆ) 1 − 0.96ಕ್ಷ + 0.32ಕ್ಷ² ಬರುತ್ತದೆ. ಇದರ ಅತಿ ದೊಡ್ಡ ದೋಷ ಕ್ಷ = 0.8ರ ಹತ್ತಿರ, 0.0125. ಹೆಚ್ಚುಕಡಿಮೆ ಅಷ್ಟೇ ಶ್ರಮಕ್ಕೆ ದೋಷ ಹತ್ತನೇ ಒಂದು ಭಾಗಕ್ಕೆ ಇಳಿಯಿತು.

ಹಾಗೆಂದು ಟೇಲರ್ ಸೋತಿತು ಎನ್ನುವಂತಿಲ್ಲ. ಕ್ಷ = 0.1ರಲ್ಲಿ ಅದೇ ಎರಡು ಬಹುಪದಗಳನ್ನು ನೋಡಿ: ಟೇಲರ್‌ನ ದೋಷ 0.00016, ಟೌ ವಿಧಾನದ್ದು 0.0024. ಶುರುವಿನ ಬಿಂದುವಿನ ಪಕ್ಕದಲ್ಲಿ ಟೇಲರ್‌ಗೆ ಸಾಟಿಯಿಲ್ಲ. ದೂರ ಹೋದಷ್ಟೂ ಅದು ಕೈಕೊಡುತ್ತದೆ. ಚೆಬಿಷೆವ್ ದೋಷವನ್ನು ಇಡೀ ವ್ಯಾಪ್ತಿಗೆ ಹಂಚುತ್ತದೆ. ಹಾಗಾಗಿ ಘಾತ ಎಷ್ಟಿರಬೇಕು ಎಂದು ತಲೆಕೆಡಿಸಿಕೊಳ್ಳುವ ಮೊದಲು ಎರಡು ಸಂಗತಿ ತಿಳಿದಿರಬೇಕು. ಉತ್ತರ ಬೇಕಿರುವುದು ಒಂದು ಬಿಂದುವಿನ ಆಸುಪಾಸಿನಲ್ಲೋ, ಇಡೀ ವ್ಯಾಪ್ತಿಯಲ್ಲೋ? ಪರಿಹಾರ ಕೆಡುವ ವಿಶಿಷ್ಟ ಬಿಂದುಗಳು ಎಲ್ಲಿವೆ? ವಿಧಾನದ ಆಯ್ಕೆ ಬಹುಮಟ್ಟಿಗೆ ಇಲ್ಲಿಯೇ ತೀರ್ಮಾನವಾಗುತ್ತದೆ. ತಪ್ಪು ಆಧಾರ (ಯಾವ ಬಹುಪದಗಳನ್ನು ಕೂಡಿಸಿ ಪರಿಹಾರ ಕಟ್ಟುತ್ತೇವೋ ಅವು) ಆರಿಸಿಕೊಂಡು ಘಾತ ಏರಿಸುತ್ತಾ ಹೋದರೆ ಕಂಪ್ಯೂಟರ್ ಬಿಸಿಯಾಗುತ್ತದೆ, ಅಂಕಿಗಳು ಮಾತ್ರ ಸರಿಹೋಗುವುದಿಲ್ಲ.

ಇಲ್ಲಿ ಸ್ವತಂತ್ರ ಚರ ಕ್ಷ, ಪರಿಹಾರ ಯ, ಘಾತ ಶ್ರೇಣಿಯ ಸಹಗುಣಕಗಳು ಅ(0), ಅ(1), ಅ(2)… ಎಂದಿಟ್ಟುಕೊಳ್ಳೋಣ. ನ ಎಂದರೆ ಘಾತ.

ಟೇಲರ್ ಶ್ರೇಣಿ

ಮಾಡುವ ಕ್ರಮ ಸರಳ. ಯ = ಅ(0) + ಅ(1)ಕ್ಷ + ಅ(2)ಕ್ಷ² + … ಎಂದು ಬರೆದು ಸಮೀಕರಣದಲ್ಲಿ ಹಾಕಿ, ಕ್ಷದ ಒಂದೊಂದು ಘಾತದ ಸಹಗುಣಕವನ್ನೂ ಎರಡು ಬದಿಗಳಲ್ಲಿ ಸರಿದೂಗಿಸಬೇಕು. ಉದಾಹರಣೆಗೆ ಯ″ = ಕ್ಷಯ ಎಂಬ ಏರಿ (Airy) ಸಮೀಕರಣಕ್ಕೆ (ನ+2)(ನ+1)·ಅ(ನ+2) = ಅ(ನ−1) ಎಂಬ ಪುನರಾವರ್ತಿ ಸೂತ್ರ ಸಿಗುತ್ತದೆ. ಅ(0), ಅ(1) ಆರಂಭಿಕ ಷರತ್ತುಗಳಿಂದ ಬರುತ್ತವೆ. ಹೆಚ್ಚಿನವರು ಎಡವುವುದು ಅ(2)ರಲ್ಲಿ. ನ = 0 ಆದಾಗ ಬಲಬದಿಯಲ್ಲಿ ಅ(−1) ಎಂಬ ಪದವೇ ಇಲ್ಲ, ಆದ್ದರಿಂದ ಅ(2) = 0. ಸೂಚಿಯನ್ನು ಸರಿಸುವಾಗ ಮೊದಲ ಒಂದೆರಡು ಸಮೀಕರಣಗಳನ್ನು ಬಿಡಿಸಿ ಬರೆದುಕೊಂಡರೆ ಈ ತಪ್ಪು ಆಗುವುದಿಲ್ಲ.

ರೇಖೀಯವಲ್ಲದ ಸಮೀಕರಣಕ್ಕೂ ಇದು ನಡೆಯುತ್ತದೆ. ಎರಡು ಶ್ರೇಣಿಗಳ ಗುಣಲಬ್ಧದ ನನೇ ಸಹಗುಣಕ ಬೇಕಾದರೆ ಸೂಚಿಗಳ ಮೊತ್ತ ನ ಆಗುವ ಜೋಡಿಗಳನ್ನೆಲ್ಲ ಗುಣಿಸಿ ಕೂಡಬೇಕು. ಯ′ = ಕ್ಷ² + ಯ², ಯ(0) = 0 ಎಂಬ ರಿಕಾಟಿ ಸಮೀಕರಣಕ್ಕೆ ಮೊದಲ ನಾಲ್ಕು ಪದಗಳು ಇವು:

ಯ = ಕ್ಷ³/3 + ಕ್ಷ⁷/63 + 2ಕ್ಷ¹¹/2079 + 13ಕ್ಷ¹⁵/218295 + …

ಕ್ಷ = 1ರಲ್ಲಿ ಈ ನಾಲ್ಕು ಪದಗಳ ಮೊತ್ತ 0.350228, ನಿಜವಾದ ಬೆಲೆ 0.350232. ನಾಲ್ಕೇ ಪದಕ್ಕೆ ಐದು ದಶಮಾಂಶ ಸ್ಥಾನ ಸರಿಬಂದಿರುವುದು ಸಣ್ಣ ಮಾತಲ್ಲ. ಈಗ ಕ್ಷ = 2 ಹಾಕಿ. ಪದಗಳು 2.67, 2.03, 1.97, 1.95, ಮೊತ್ತ 8.62. ನಿಜವಾದ ಬೆಲೆ 317ಕ್ಕೂ ಮೇಲೆ! ಈ ಪರಿಹಾರ ಕ್ಷ = 2.00315ರ ಹತ್ತಿರ ಅನಂತಕ್ಕೆ ಹಾರುತ್ತದೆ. ಸಮೀಕರಣವನ್ನು ನೋಡಿದರೆ ಅದರ ಸುಳಿವೇ ಸಿಗದು. ಆದರೆ ಸಹಗುಣಕಗಳು ಸುಳಿವು ಕೊಡುತ್ತವೆ. ಕ್ಷ¹¹ರ ಸಹಗುಣಕವನ್ನು ಕ್ಷ¹⁵ರದರಿಂದ ಭಾಗಿಸಿದರೆ 16.15, ಘಾತ ನಾಲ್ಕು ನಾಲ್ಕಾಗಿ ಏರುತ್ತಿರುವುದರಿಂದ ಇದರ ನಾಲ್ಕನೇ ಮೂಲ ತೆಗೆದರೆ 2.005. ಅಭಿಸರಣ ತ್ರಿಜ್ಯ (ಶ್ರೇಣಿಯ ಮೊತ್ತ ನಿಜವಾದ ಬೆಲೆಗೆ ಹತ್ತಿರವಾಗುತ್ತಾ ಹೋಗುವ ದೂರದ ಮಿತಿ) ಅಷ್ಟೇ ಎಂದು ನಾಲ್ಕೇ ಪದಗಳಲ್ಲಿ ಗೊತ್ತಾಯಿತು. ಟೇಲರ್ ಬಳಸುವಾಗಲೆಲ್ಲ ಈ ಅನುಪಾತವನ್ನು ಲೆಕ್ಕ ಹಾಕಿಡಿ, ಖರ್ಚು ಏನೂ ಇಲ್ಲ.

ಗುಣಕಗಳು ಬಹುಪದಗಳಾಗಿರುವ ರೇಖೀಯ ಸಮೀಕರಣಗಳಲ್ಲಿ ಇನ್ನೂ ಸುಲಭ. ಅತ್ಯುನ್ನತ ನಿಷ್ಪನ್ನದ ಮುಂದಿರುವ ಗುಣಕ ಎಲ್ಲಿ ಸೊನ್ನೆಯಾಗುತ್ತದೆ ಎಂದು ನೋಡಿದರೆ ಸಾಕು. ಸಾಮಾನ್ಯ ಬಿಂದುವಿನಿಂದ (ಆ ಗುಣಕ ಸೊನ್ನೆಯಾಗದ ಕಡೆಯಿಂದ) ಹೊರಟ ಶ್ರೇಣಿ ಕನಿಷ್ಠಪಕ್ಷ ಅಲ್ಲಿಯ ತನಕ ಅಭಿಸರಿಸುತ್ತದೆ. ಆದರೆ ಹುಡುಕಬೇಕಾದದ್ದು ಸಂಕೀರ್ಣ ಸಮತಲದಲ್ಲಿ, ನೈಜ ರೇಖೆಯ ಮೇಲೆ ಮಾತ್ರ ಅಲ್ಲ. (1 + ಕ್ಷ²)ಯ′ = 1 ಎಂಬುದರ ಪರಿಹಾರ ನೈಜ ರೇಖೆಯ ಉದ್ದಕ್ಕೂ ನುಣುಪಾಗಿದೆ. ಆದರೂ −1ರ ವರ್ಗಮೂಲದಲ್ಲಿ 1 + ಕ್ಷ² ಸೊನ್ನೆಯಾಗುವುದರಿಂದ ತ್ರಿಜ್ಯ 1ಕ್ಕೇ ನಿಲ್ಲುತ್ತದೆ. ಕ್ಷ = 1ರಲ್ಲಿ ಈ ಶ್ರೇಣಿಯಿಂದ ಆರು ದಶಮಾಂಶ ಸ್ಥಾನ ಪಡೆಯಲು ಲಕ್ಷಗಟ್ಟಲೆ ಪದಗಳು ಬೇಕು.

ತ್ರಿಜ್ಯ ಅನಂತವಾಗಿದ್ದರೂ ಇನ್ನೊಂದು ಅಪಾಯ ಉಳಿಯುತ್ತದೆ. ಯ′ = −ಯ ಶ್ರೇಣಿ ಎಲ್ಲೆಡೆ ಅಭಿಸರಿಸುತ್ತದೆ. ಕ್ಷ = 20ರಲ್ಲಿ ಅದನ್ನು ಕೂಡಿ ನೋಡಿ. ಅತಿ ದೊಡ್ಡ ಪದ 4.3 ಕೋಟಿ, ಉತ್ತರ 2.06 × 10⁻⁹. ಡಬಲ್ ಪ್ರಿಸಿಷನ್‌ನಲ್ಲಿ (ಕಂಪ್ಯೂಟರ್ ಸಾಮಾನ್ಯವಾಗಿ ಬಳಸುವ ಸಂಖ್ಯಾರೂಪದಲ್ಲಿ) ಸುಮಾರು 16 ಅಂಕಿಗಳಷ್ಟೇ ಇರುವುದರಿಂದ ಆ ದೊಡ್ಡ ಪದವೊಂದರ ದುಂಡಗಿಸುವಿಕೆಯ ದೋಷವೇ 5 × 10⁻⁹ರಷ್ಟು, ಉತ್ತರಕ್ಕಿಂತ ದೊಡ್ಡದು. ಧನ, ಋಣ ಪದಗಳು ಒಂದನ್ನೊಂದು ಹೊಡೆದುಹಾಕಿದ ಮೇಲೆ ಉಳಿಯುವುದು ಕಸ. ಪದಗಳನ್ನು ಹೆಚ್ಚಿಸಿದರೆ ಇದು ಸರಿಹೋಗುವುದಿಲ್ಲ. ಸಣ್ಣ ಹೆಜ್ಜೆಗಳಲ್ಲಿ ನಡೆಯುವುದೇ ಮದ್ದು: ಒಂದು ಬಿಂದುವಿನಲ್ಲಿ ಶ್ರೇಣಿ ಮಾಡಿ, ಸ್ವಲ್ಪ ಮುಂದೆ ಹೋಗಿ, ಅಲ್ಲಿಂದ ಹೊಸ ಶ್ರೇಣಿ ಶುರುಮಾಡುವುದು. ಗ್ರಹಗಳ ಕಕ್ಷೆಯಂಥ, ಹೆಚ್ಚು ನಿಖರತೆ ಬೇಡುವ ಆರಂಭಿಕ ಷರತ್ತಿನ ಲೆಕ್ಕಗಳಲ್ಲಿ ಇದು ಅತ್ಯುತ್ತಮ ಆಯ್ಕೆ. ಹೆಜ್ಜೆಯ ಉದ್ದವನ್ನು ಅಂದಾಜು ತ್ರಿಜ್ಯದ 0.135 ಪಟ್ಟು ಇಟ್ಟು, ಘಾತವನ್ನು ಸಹಿಸಬಹುದಾದ ದೋಷದ ಸ್ವಾಭಾವಿಕ ಲಾಗ್‌ನ ಅರ್ಧಕ್ಕೆ (ಋಣ ಚಿಹ್ನೆ ಬಿಟ್ಟು) ಒಂದು ಕೂಡಿಸಿ ಆರಿಸಿದರೆ ಕೆಲಸ ಕನಿಷ್ಠವಾಗುತ್ತದೆ. 10⁻¹⁶ ಬೇಕಿದ್ದರೆ ಘಾತ 20.

ಯ′ = −1000ಯ ತರಹದ, ಬೇಗ ಕುಗ್ಗುವ ಭಾಗವಿರುವ ಬಿಗಿ ಸಮೀಕರಣಗಳಿಗೆ ಮಾತ್ರ ಇದನ್ನು ಬಳಸಬೇಡಿ. ಘಾತ 4ರ ಟೇಲರ್ ಹೆಜ್ಜೆ 0.002785 ದಾಟಿದರೆ ಉತ್ತರ ಸ್ಫೋಟಿಸುತ್ತದೆ, ಪರಿಹಾರ ಆಗಲೇ ಸೊನ್ನೆಗೆ ಇಳಿದು ಸುಮ್ಮನಿದ್ದರೂ.

ಪಾಡೆ: ಇರುವ ಸಹಗುಣಕಗಳಿಂದಲೇ ಇನ್ನಷ್ಟು

ಪರಿಹಾರ ಅನಂತಕ್ಕೆ ಹಾರುವ ಬಿಂದು ಹತ್ತಿರದಲ್ಲಿದ್ದರೆ ಬಹುಪದ ಅದನ್ನು ಹಿಡಿಯಲಾರದು, ಏಕೆಂದರೆ ಬಹುಪದ ಎಲ್ಲಿಯೂ ಅನಂತವಾಗುವುದಿಲ್ಲ. ಬಹುಪದವನ್ನು ಬಹುಪದದಿಂದ ಭಾಗಿಸಿದರೆ ಹಿಡಿಯಬಹುದು; ಕೈಯಲ್ಲಿರುವ ಸಹಗುಣಕಗಳಿಗೆ ಹೊಂದುವಂತೆ ಆರಿಸಿದ ಅಂಥ ಭಿನ್ನವೇ ಪಾಡೆ ಭಿನ್ನ. ಮೇಲಿನ ರಿಕಾಟಿ ಶ್ರೇಣಿಯಲ್ಲಿ ಕ್ಷ³/3 ಹೊರತೆಗೆದು ಕ್ಷ⁴ ಅನ್ನು ಒಂದೇ ಚರವೆಂದು ನೋಡಿದರೆ 1, 1/21, 2/693, 13/72765 ಎಂಬ ನಾಲ್ಕು ಸಹಗುಣಕಗಳು ಉಳಿಯುತ್ತವೆ. ಮೇಲೆ ಘಾತ 2, ಕೆಳಗೆ ಘಾತ 1 ಇರುವ ಪಾಡೆ ಭಿನ್ನಕ್ಕೆ ಛೇದ 1 − (13/210)ಕ್ಷ⁴. ಇದು ಸೊನ್ನೆಯಾಗುವುದು ಕ್ಷ = 2.0048ರಲ್ಲಿ. ಕ್ಷ = 2ರಲ್ಲಿ ಭಿನ್ನದ ಬೆಲೆ ಸುಮಾರು 212. ಅದೇ ನಾಲ್ಕು ಸಹಗುಣಕಗಳನ್ನು ಸುಮ್ಮನೆ ಕೂಡಿದಾಗ 8.62 ಬಂದಿತ್ತು! 317 ಇನ್ನೂ ದೂರವಿದೆ ನಿಜ, ಆದರೆ ಆಕಾರ ಸರಿಯಾಯಿತು, ಸ್ಫೋಟದ ಜಾಗ ಮೂರಂಕಿ ತನಕ ಸಿಕ್ಕಿತು.

ಎಚ್ಚರಿಕೆ ಒಂದಿದೆ. ಘಾತ ಏರಿಸಿದಾಗ ಛೇದದಲ್ಲಿ ಸುಳ್ಳು ಸೊನ್ನೆಗಳು ಹುಟ್ಟಬಹುದು. ಅಂಶದಲ್ಲೂ ಅದೇ ಜಾಗದಲ್ಲಿ ಒಂದು ಸೊನ್ನೆ ಕೂತಿದ್ದರೆ ಅದು ದುಂಡಗಿಸುವಿಕೆಯಿಂದ ಬಂದ ಜೋಡಿ ಎಂದು ತಿಳಿದು ಎರಡನ್ನೂ ತೆಗೆದುಹಾಕಿ. ನಿಜವಾದ ವಿಶಿಷ್ಟ ಬಿಂದುವಾದರೆ ಘಾತ ಬದಲಿಸಿದರೂ ಅಲ್ಲೇ ಇರುತ್ತದೆ.

ಶುರುವಿನ ಬಿಂದುವೇ ವಿಶಿಷ್ಟವಾದರೆ ಫ್ರೊಬೇನಿಯಸ್

ಕ್ಷ²ಯ″ + ಕ್ಷಯ′ + (ಕ್ಷ² − ವ²)ಯ = 0 ಎಂಬ ಬೆಸೆಲ್ ಸಮೀಕರಣದಲ್ಲಿ ಕ್ಷ = 0ಯಲ್ಲೇ ಯ″ನ ಗುಣಕ ಸೊನ್ನೆ. ಇಲ್ಲಿ ಬರೀ ಘಾತ ಶ್ರೇಣಿ ಸಾಲದು. ಕ್ಷದ ಅಜ್ಞಾತ ಘಾತವೊಂದನ್ನು (ರ ಎನ್ನೋಣ) ಹೊರಗಿಟ್ಟು, ಉಳಿದದ್ದನ್ನು ಶ್ರೇಣಿಯಾಗಿ ಬರೆಯಬೇಕು. ಅತಿ ಕೆಳಗಿನ ಘಾತದ ಸಹಗುಣಕದಿಂದ ರ² = ವ² ಸಿಗುತ್ತದೆ. ಎರಡು ಮೂಲಗಳ ವ್ಯತ್ಯಾಸ ಪೂರ್ಣಾಂಕವಲ್ಲದಿದ್ದರೆ ಎರಡು ಸ್ವತಂತ್ರ ಪರಿಹಾರಗಳು ನೇರವಾಗಿ ಬಂದವು. ಪೂರ್ಣಾಂಕವಾದರೆ ಎರಡನೆಯದರಲ್ಲಿ ಲಾಗ್ ಕ್ಷ ಬರಬಹುದು; ಬಂದೇ ತೀರಬೇಕೆಂದಿಲ್ಲ. ವ = 1 ಆದಾಗ ಬರುತ್ತದೆ, ವ = 1/2 ಆದಾಗ ವ್ಯತ್ಯಾಸ 1 ಇದ್ದರೂ ಬರುವುದಿಲ್ಲ. ಮೂಲಗಳು ಸಮವಾಗಿದ್ದರೆ ಮಾತ್ರ ಲಾಗ್ ಖಚಿತ.

ವಿಶಿಷ್ಟ ಬಿಂದು ಇನ್ನೂ ಕಠಿಣವಾದಾಗ ಫ್ರೊಬೇನಿಯಸ್ ಕೂಡ ನಿಲ್ಲುತ್ತದೆ. ಕ್ಷ²ಯ′ + ಯ = ಕ್ಷ ಎಂಬುದಕ್ಕೆ ಕ್ಷ − ಕ್ಷ² + 2ಕ್ಷ³ − 6ಕ್ಷ⁴ + … ಎಂದು ಸಹಗುಣಕಗಳು ಕ್ರಮಗುಣಿತಗಳಾಗಿ (1, 1×2, 1×2×3…) ಬೆಳೆಯುವ ಶ್ರೇಣಿ ಸಿಗುತ್ತದೆ. ಅದರ ಅಭಿಸರಣ ತ್ರಿಜ್ಯ ಸೊನ್ನೆ. ಆದರೂ ಬಿಸಾಡಬೇಡಿ. ಕ್ಷ = 0.1ರಲ್ಲಿ ಪದಗಳು ಹತ್ತನೆಯದರ ತನಕ ಕಿರಿದಾಗಿ 3.6 × 10⁻⁵ಕ್ಕೆ ಇಳಿದು ಆಮೇಲೆ ಬೆಳೆಯುತ್ತವೆ. ಅಲ್ಲಿಗೆ ನಿಲ್ಲಿಸಿದರೆ ನಾಲ್ಕು ದಶಮಾಂಶದ ಉತ್ತರ ಕೈಯಲ್ಲಿರುತ್ತದೆ. ಹನ್ನೆರಡನೆಯ ಪದ ಸೇರಿಸುವುದು ಹಾನಿ.

ಚೆಬಿಷೆವ್: ಇಡೀ ವ್ಯಾಪ್ತಿಗೆ

ಬಹುಪಾಲು ಸಂದರ್ಭಗಳಲ್ಲಿ, ಅದರಲ್ಲೂ ಎರಡು ತುದಿಗಳಲ್ಲಿ ಷರತ್ತಿರುವ ಲೆಕ್ಕಗಳಲ್ಲಿ, ಮೊದಲು ಪ್ರಯತ್ನಿಸಬೇಕಾದದ್ದು ಇದನ್ನೇ. −1ರಿಂದ 1ರವರೆಗೆ ಘಾತೀಯ ಫಲನವನ್ನು ಘಾತ 4ರಲ್ಲಿ ಹಿಡಿದರೆ ಟೇಲರ್‌ನ ಗರಿಷ್ಠ ದೋಷ 0.00995, ಚೆಬಿಷೆವ್ ಶ್ರೇಣಿಯದು 0.0006.

ಮೊದಲು ವ್ಯಾಪ್ತಿಯನ್ನು ಬದಲಿಸಬೇಕು. ಸಮೀಕರಣ ಕಯಿಂದ ಖವರೆಗೆ ಇದ್ದರೆ (2ಕ್ಷ − ಕ − ಖ)/(ಖ − ಕ) ಎಂಬ ಹೊಸ ಚರ −1ರಿಂದ 1ಕ್ಕೆ ಬರುತ್ತದೆ. ಆಗ ಮೊದಲ ನಿಷ್ಪನ್ನಕ್ಕೆ 2/(ಖ − ಕ), ಎರಡನೆಯದಕ್ಕೆ ಅದರ ವರ್ಗ ಗುಣಕವಾಗಿ ಬರಬೇಕು. 0ಯಿಂದ 10ರ ವ್ಯಾಪ್ತಿಯಲ್ಲಿ ಇದನ್ನು ಮರೆತರೆ ಯ″ ಪದ 25 ಪಟ್ಟು ತಪ್ಪುತ್ತದೆ, ಆದರೆ ಉತ್ತರ ನೋಡಲು ನುಣುಪಾಗಿಯೇ ಇರುತ್ತದೆ. ಈ ತಪ್ಪು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಕೈಲೆಕ್ಕಕ್ಕೆ ಗಣಿತಜ್ಞ ಲಾಂಚೋಸ್ 1938ರಲ್ಲಿ ಕೊಟ್ಟ ಟೌ ವಿಧಾನ ಚೆನ್ನ. ಸಮೀಕರಣವನ್ನು ಪೂರ್ತಿ ತೃಪ್ತಿಪಡಿಸುವ ಬದಲು, ಶೇಷವಾಗಿ (ಸಮೀಕರಣದ ಎರಡು ಬದಿಗಳ ವ್ಯತ್ಯಾಸವಾಗಿ) ಚೆಬಿಷೆವ್ ಬಹುಪದವೊಂದರ ಅಳತೆಯಷ್ಟೇ ಉಳಿಯುವಂತೆ ಮಾಡುವುದು ಇದರ ಯುಕ್ತಿ. ಶುರುವಿನ ಉದಾಹರಣೆಯಲ್ಲಿ 0–1 ವ್ಯಾಪ್ತಿಯ ಎರಡನೇ ಚೆಬಿಷೆವ್ ಬಹುಪದ 8ಕ್ಷ² − 8ಕ್ಷ + 1. ಯ′ + ಯ = ಟೌ × (8ಕ್ಷ² − 8ಕ್ಷ + 1) ಎಂದು ಬರೆಯಿರಿ. ಕ್ಷ²ದಿಂದ ಅ(2) = 8 ಟೌ; ಕ್ಷದಿಂದ ಅ(1) + 2ಅ(2) = −8 ಟೌ, ಅಂದರೆ ಅ(1) = −24 ಟೌ; ಸ್ಥಿರಾಂಕದಿಂದ ಅ(0) = 25 ಟೌ. ಅ(0) = 1 ಇರಬೇಕಾದ್ದರಿಂದ ಟೌ = 0.04. ಘಾತ 3ಕ್ಕೆ ಇದನ್ನೇ ಮಾಡಿದರೆ ಕ್ಷ = 1ರಲ್ಲಿ 113/307 = 0.36808 ಬರುತ್ತದೆ, ದೋಷ 0.0002. ಘಾತ 3ರ ಟೇಲರ್‌ಗೆ ಅಲ್ಲಿ ದೋಷ 0.0345. ಇದನ್ನು ಆಟಿಕೆಯ ವಿಧಾನ ಎಂದುಕೊಳ್ಳಬೇಡಿ: ಎರಡು ಸಮಾಂತರ ಗೋಡೆಗಳ ನಡುವಿನ ಹರಿವು ರೇನಾಲ್ಡ್ಸ್ ಸಂಖ್ಯೆ (ಹರಿವಿನ ಜಡತ್ವಕ್ಕೂ ಸ್ನಿಗ್ಧತೆಗೂ ಇರುವ ಅನುಪಾತ) 5772.22ರಲ್ಲಿ ಅಸ್ಥಿರವಾಗುತ್ತದೆ ಎಂದು ಗಣಿತಜ್ಞ ಓರ್ಸಾಗ್ 1971ರಲ್ಲಿ ಲೆಕ್ಕ ಹಾಕಿದ್ದು ಚೆಬಿಷೆವ್ ಟೌ ವಿಧಾನದಿಂದಲೇ.

ಗುಣಕಗಳು ಬಹುಪದಗಳಲ್ಲದಿದ್ದರೆ ಕಂಪ್ಯೂಟರ್‌ನಲ್ಲಿ ಕೊಲೊಕೇಷನ್ ಸಲೀಸು. ಕೊಸೈನ್(ಜ × ಪೈ/ನ), ಜ = 0ಯಿಂದ ನವರೆಗೆ, ಎಂಬ ನ+1 ಚೆಬಿಷೆವ್ ಬಿಂದುಗಳಲ್ಲಿ ಸಮೀಕರಣ ಸರಿಹೋಗಬೇಕು ಎನ್ನುತ್ತೇವೆ. ನಿಷ್ಪನ್ನ ಒಂದು ಮ್ಯಾಟ್ರಿಕ್ಸ್ ಆಗುತ್ತದೆ. ತುದಿಯ ಷರತ್ತುಗಳು ಮೊದಲ ಮತ್ತು ಕೊನೆಯ ಸಾಲುಗಳ ಜಾಗಕ್ಕೆ ಬರುತ್ತವೆ. ಬಿಂದುಗಳನ್ನು ಸಮ ಅಂತರದಲ್ಲಿ ಇಡಬೇಡಿ. 1/(1 + 25ಕ್ಷ²) ಎಂಬ ನುಣುಪಾದ ಫಲನಕ್ಕೂ ಸಮ ಅಂತರದ ಬಿಂದುಗಳ ಮೂಲಕ ಹಾಯುವ ಬಹುಪದ ಘಾತ ಏರಿದಂತೆ ತುದಿಗಳಲ್ಲಿ ಹುಚ್ಚು ಕುಣಿಯುತ್ತದೆ ಎಂದು ರುಂಗೆ 1901ರಲ್ಲೇ ತೋರಿಸಿದ್ದರು. ಅದೇ ಫಲನ ಚೆಬಿಷೆವ್ ಬಿಂದುಗಳಲ್ಲಿ ಘಾತ 180ರ ಸುಮಾರಿಗೆ 16 ಅಂಕಿ ತನಕ ಕೂತುಕೊಳ್ಳುತ್ತದೆ.

ಆ 180 ಎಲ್ಲಿಂದ ಬಂತು ಎಂದು ತಿಳಿದಿದ್ದರೆ ಘಾತವನ್ನು ಮೊದಲೇ ಊಹಿಸಬಹುದು. ವಿಶಿಷ್ಟ ಬಿಂದು ನೈಜ ರೇಖೆಯ ಸೊನ್ನೆಯಿಂದ ನೇರ ಮೇಲೆ ದ ದೂರದಲ್ಲಿದ್ದರೆ, ಘಾತ ಒಂದೊಂದು ಏರಿದಾಗಲೂ ದೋಷ ದ + √(1 + ದ²) ಪಟ್ಟು ಇಳಿಯುತ್ತದೆ. ದ = 0.2 ಆದರೆ ಇದು 1.22; ದ = 1 ಆದರೆ 2.41, ಆಗ ಘಾತ 40ರ ಆಸುಪಾಸು ಸಾಕು. ಮೇಲೆ ಟೇಲರ್ ಕ್ಷ = 1ರಲ್ಲಿ ಲಕ್ಷಗಟ್ಟಲೆ ಪದ ಕೇಳಿದ (1 + ಕ್ಷ²)ಯ′ = 1 ಇದೇ ಗುಂಪಿನದು.

ಕೊಲೊಕೇಷನ್‌ನ ದೌರ್ಬಲ್ಯ ಮ್ಯಾಟ್ರಿಕ್ಸ್‌ನಲ್ಲಿದೆ. ಎರಡನೇ ನಿಷ್ಪನ್ನದ ಮೂಲೆಯ ಅಂಶ (ನ⁴ − 1)/15; ನ = 16 ಆದಾಗ 4369, ನ = 64 ಆದಾಗ 11 ಲಕ್ಷ ದಾಟುತ್ತದೆ. ದುಂಡಗಿಸುವಿಕೆಯ ದೋಷವೂ ಅದೇ ವೇಗದಲ್ಲಿ ಬೆಳೆಯುವುದರಿಂದ ಒಂದು ಹಂತದ ನಂತರ ನ ಏರಿಸಿದರೆ ಉತ್ತರ ಕೆಡುತ್ತದೆ. ಮೊದಲ ನಿಷ್ಪನ್ನದ ಮ್ಯಾಟ್ರಿಕ್ಸ್ ಕಟ್ಟುವಾಗ ಕರ್ಣದ ಅಂಶಗಳನ್ನು ಸೂತ್ರದಿಂದ ಹಾಕದೆ, ಆ ಸಾಲಿನ ಉಳಿದ ಅಂಶಗಳ ಮೊತ್ತದ ಋಣವಾಗಿ ಹಾಕಿದರೆ ಒಂದಿಷ್ಟು ಅಂಕಿಗಳು ಉಳಿಯುತ್ತವೆ. ನೂರಾರು ಘಾತ ಬೇಕಾದರೆ ಸಹಗುಣಕಗಳಲ್ಲೇ ಕೆಲಸ ಮಾಡುವ ಅಲ್ಟ್ರಾಸ್ಫೆರಿಕಲ್ ವಿಧಾನಕ್ಕೆ ಹೋಗಿ. ಓಲ್ವರ್ ಮತ್ತು ಟೌನ್‌ಸೆಂಡ್ 2013ರಲ್ಲಿ ಪ್ರಕಟಿಸಿದ ಈ ವಿಧಾನದಲ್ಲಿ ಮ್ಯಾಟ್ರಿಕ್ಸ್ ಹೆಚ್ಚುಕಡಿಮೆ ಪಟ್ಟಿಯಂತೆ ಕರ್ಣದ ಸುತ್ತ ಮಾತ್ರ ತುಂಬಿರುತ್ತದೆ.

ಸಿಕ್ಕ ಚೆಬಿಷೆವ್ ಸಹಗುಣಕಗಳನ್ನು ಸಾಮಾನ್ಯ ಘಾತಗಳಿಗೆ ಬದಲಿಸಿಕೊಳ್ಳುವ ಆಸೆ ಬೇಡ. 20ನೇ ಚೆಬಿಷೆವ್ ಬಹುಪದದ ಬೆಲೆ −1ರಿಂದ 1ರ ವ್ಯಾಪ್ತಿಯಲ್ಲಿ 1ರೊಳಗೇ ಇದ್ದರೂ ಅದನ್ನು ಬಿಡಿಸಿ ಬರೆದಾಗ ಸಹಗುಣಕಗಳ ನಿರಪೇಕ್ಷ ಮೊತ್ತ 2.2 ಕೋಟಿ ಮೀರುತ್ತದೆ, ಅಂದರೆ ಏಳು ಅಂಕಿ ಸುಮ್ಮನೆ ನಷ್ಟ. ಬೆಲೆ ಕಂಡುಹಿಡಿಯಲು ಕ್ಲೆನ್‌ಶಾ ಕ್ರಮವಿದೆ: ಮೇಲಿನ ಸಹಗುಣಕದಿಂದ ಕೆಳಗಿಳಿಯುತ್ತಾ ಪ್ರತಿ ಹೆಜ್ಜೆಯಲ್ಲಿ ಈಗಿನ ಸಹಗುಣಕಕ್ಕೆ ಹಿಂದಿನ ಫಲಿತವನ್ನು 2ಕ್ಷದಿಂದ ಗುಣಿಸಿ ಕೂಡಿ, ಅದಕ್ಕೂ ಹಿಂದಿನದನ್ನು ಕಳೆಯಬೇಕು, ಕೊನೆಯ ಹೆಜ್ಜೆಯಲ್ಲಿ ಮಾತ್ರ 2ಕ್ಷ ಬದಲು ಕ್ಷ. ಮೊದಲ ಸಹಗುಣಕವನ್ನು ಅರ್ಧ ಮಾಡಿ ಬಳಸುವ ರೂಢಿ ಕೆಲವು ಪುಸ್ತಕಗಳಲ್ಲಿದೆ, ಕೆಲವುಗಳಲ್ಲಿಲ್ಲ. ಎರಡನ್ನು ಬೆರೆಸಿದರೆ ಉತ್ತರ ಒಂದು ಸ್ಥಿರಾಂಕದಷ್ಟು ಆಚೀಚೆಯಾಗುತ್ತದೆ.

ಲೆಜಾಂಡ್ರ ಬಹುಪದಗಳು ಚೆಬಿಷೆವ್‌ಗೆ ಹತ್ತಿರದ ನೆಂಟರು. ಗಲೆರ್ಕಿನ್ ವಿಧಾನಕ್ಕೆ, ಅಂದರೆ ಶೇಷವನ್ನು ಒಂದೊಂದು ಆಧಾರ ಫಲನದಿಂದಲೂ ಗುಣಿಸಿ ಅನುಕಲಿಸಿ ಸೊನ್ನೆಗೆ ತರುವುದಕ್ಕೆ, ಅವು ಹೆಚ್ಚು ಹೊಂದುತ್ತವೆ. ಎರಡು ತುದಿಯಲ್ಲೂ ಯ = 0 ಇರಬೇಕಾದರೆ ಒಂದು ಲೆಜಾಂಡ್ರ ಬಹುಪದದಿಂದ ಎರಡು ಸ್ಥಾನ ಮುಂದಿನದನ್ನು ಕಳೆದು ಆಧಾರ ಮಾಡಿಕೊಳ್ಳಿ; ಯ″ಗೆ ಬರುವ ಮ್ಯಾಟ್ರಿಕ್ಸ್ ಬರೀ ಕರ್ಣವಾಗಿಬಿಡುತ್ತದೆ.

ಚೆಬಿಷೆವ್ ಸೋಲುವ ಎರಡು ಜಾಗ

ಪರಿಹಾರ ತುದಿಯಲ್ಲಿ √ಕ್ಷದಂತೆ ವರ್ತಿಸಿದರೆ ಯಾವ ಬಹುಪದವೂ ವೇಗವಾಗಿ ಹತ್ತಿರ ಬರಲಾರದು. 0–1 ವ್ಯಾಪ್ತಿಯಲ್ಲಿ √ಕ್ಷಕ್ಕೆ ಘಾತ 100ರ ಅತ್ಯುತ್ತಮ ಬಹುಪದದ ದೋಷವೂ 0.0014ರ ಸುಮಾರು, ಘಾತ ಇಮ್ಮಡಿಸಿದರೆ ದೋಷ ಅರ್ಧವಷ್ಟೇ ಆಗುತ್ತದೆ. ಇಲ್ಲಿ ಫ್ರೊಬೇನಿಯಸ್‌ನ ಮೊದಲ ಹೆಜ್ಜೆಯನ್ನು ಮಾತ್ರ ಎರವಲು ತನ್ನಿ: ರ ಕಂಡುಹಿಡಿದು, ಕ್ಷದ ಆ ಘಾತವನ್ನು ಹೊರಗಿಟ್ಟು, ಉಳಿದ ನುಣುಪಾದ ಭಾಗವನ್ನು ಚೆಬಿಷೆವ್‌ಗೆ ಕೊಡಿ. ಎರಡು ವಿಧಾನ ಸೇರಿದಾಗಿನ ಫಲ ಬಿಡಿಬಿಡಿಯಾಗಿ ಯಾವುದರಿಂದಲೂ ಸಿಗದು.

ಎರಡನೆಯದು ತೆಳುವಾದ ಅಂಚಿನ ಪದರ. ಯ″ನ ಮುಂದೆ 0.0001ರಂಥ ಸಣ್ಣ ಗುಣಕ, ಜೊತೆಗೆ ಯ′ ಇದ್ದರೆ ಪರಿಹಾರ ತುದಿಯಲ್ಲಿ ಅಷ್ಟೇ ಅಗಲದಲ್ಲಿ ಧಡಕ್ಕನೆ ಬದಲಾಗುತ್ತದೆ. ಚೆಬಿಷೆವ್ ಬಿಂದುಗಳು ತುದಿಯಲ್ಲಿ ದಟ್ಟವಾಗಿರುವುದು ಇಲ್ಲಿ ವರ: ನ = 100 ಆದಾಗ ತುದಿಯ ಮೊದಲ ಅಂತರ 0.0005. ಆದರೂ 0.0001ರ ಪದರಕ್ಕೆ ಅದು ಸಾಲದು, ಕೆಲವು ನೂರು ಬಿಂದು ಬೇಕು. ಪದರ ವ್ಯಾಪ್ತಿಯ ನಡುವೆ ಬಂದರೆ ಆ ವರವೂ ಇಲ್ಲ. ವ್ಯಾಪ್ತಿಯನ್ನು ಅಲ್ಲಿಯೇ ಎರಡು ತುಂಡು ಮಾಡಿ, ಸೇರುವ ಬಿಂದುವಿನಲ್ಲಿ ಯ ಮತ್ತು ಯ′ ಎರಡೂ ಹೊಂದುವಂತೆ ಷರತ್ತು ಹಾಕಿ.

ಉತ್ತರವನ್ನು ನಂಬುವ ಮೊದಲು

ಕೊನೆಯ ಸಹಗುಣಕಗಳು ಎಷ್ಟು ಚಿಕ್ಕವು ಎಂದು ನೋಡಿ. ಒಂದನ್ನೇ ನೋಡಿದರೆ ಮೋಸ ಹೋಗಬಹುದು, ಏಕೆಂದರೆ ಪರಿಹಾರ ಸಮ ಅಥವಾ ಬೆಸ ಫಲನವಾದರೆ ಒಂದು ಬಿಟ್ಟು ಒಂದು ಸಹಗುಣಕ ತಾನಾಗಿಯೇ ಸೊನ್ನೆ. ಅಕ್ಕಪಕ್ಕದ ಎರಡು ಮೂರನ್ನು ಒಟ್ಟಿಗೆ ನೋಡಬೇಕು. ಅವು ಇಳಿಯುತ್ತಾ ಹೋಗಿ 10⁻¹⁵ರ ಹತ್ತಿರ ಸಮತಟ್ಟಾದರೆ ಘಾತ ಸಾಕಾಗಿದೆ; 10⁻⁶ರಲ್ಲೇ ಸಮತಟ್ಟಾದರೆ ಮ್ಯಾಟ್ರಿಕ್ಸ್ ದುಂಡಗಿಸುವಿಕೆಯಲ್ಲಿ ಮುಳುಗಿದೆ; ನಿಧಾನವಾಗಿ ಇಳಿಯುತ್ತಲೇ ಇದ್ದರೆ ಎಲ್ಲೋ ಒಂದು ವಿಶಿಷ್ಟ ಬಿಂದು ಹತ್ತಿರದಲ್ಲಿದೆ.

ಕೊಲೊಕೇಷನ್ ಬಿಂದುಗಳಲ್ಲಿ ಶೇಷ ಸೊನ್ನೆಯಾಗಿಯೇ ಇರುತ್ತದೆ, ಹಾಗಾಗಿ ಅವುಗಳ ನಡುವಿನ ಬಿಂದುಗಳಲ್ಲಿ ಅಳೆಯಿರಿ. ಶೇಷ ಚಿಕ್ಕದಿದ್ದರೂ ದೋಷ ಚಿಕ್ಕದಿರಬೇಕೆಂದಿಲ್ಲ. ಯ′ = 10(ಯ − ಕೊಸೈನ್ ಕ್ಷ) − ಸೈನ್ ಕ್ಷ, ಯ(0) = 1 ಎಂಬುದರ ಪರಿಹಾರ ಕೊಸೈನ್ ಕ್ಷ, 1ನ್ನು ಎಂದೂ ಮೀರದು. ಆದರೆ 0ಯಿಂದ 2ರವರೆಗೆ ಶೇಷ ಒಂದೇ ಸಮನೆ 10⁻⁶ ಇದ್ದರೆ ಕ್ಷ = 2ರಲ್ಲಿ ದೋಷ 48.5! ಇಂಥ ಕಡೆ ಎರಡು ಬೇರೆ ಘಾತಗಳಲ್ಲಿ, ಉದಾಹರಣೆಗೆ 20 ಮತ್ತು 32ರಲ್ಲಿ, ಬಿಡಿಸಿ ಎರಡು ಉತ್ತರಗಳನ್ನು ಹೋಲಿಸಿ. ಎಷ್ಟು ಅಂಕಿ ಹೊಂದುತ್ತವೋ ಅಷ್ಟನ್ನೇ ಬರೆದುಕೊಳ್ಳಿ.